ಲಿನ್‌ಲಿತ್‌ಗೋ ಬ್ರಿಜ್‌ನಲ್ಲಿ ಮನೆ ಮಾಡುವವರಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಎಡಿನ್‌ಬರೋದಲ್ಲಿ ಕೆಲಸ ಸಿಕ್ಕಿದೆ, ನಗರದೊಳಗೆ ಬಾಡಿಗೆ ದುಬಾರಿ, ಹತ್ತಿರದ ಸಣ್ಣ ಊರುಗಳಲ್ಲಿ ಇರಬಹುದಾ ಎಂದು ಕೇಳುವ ಕನ್ನಡಿಗರು ಈಗ ಜಾಸ್ತಿಯಾಗಿದ್ದಾರೆ. ನಮ್ಮ ಮನೆ ಇರುವುದು ಲಿನ್‌ಲಿತ್‌ಗೋ ಊರಿನ ಪಶ್ಚಿಮದ ತುದಿಯಲ್ಲಿ, ಲಿನ್‌ಲಿತ್‌ಗೋ ಬ್ರಿಜ್ ಎಂಬ ಪುಟ್ಟ ಬಡಾವಣೆಯಲ್ಲಿ. ಫೋನಿನಲ್ಲಿ ಒಬ್ಬೊಬ್ಬರಿಗೂ ಹೇಳುತ್ತಿದ್ದ ಉತ್ತರಗಳನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ. ಮನೆ, ಶಾಲೆ, ಡಾಕ್ಟರ್ ಎಲ್ಲದರ ಬಗ್ಗೆಯೂ ಇದೆ. ಆದರೆ ನನಗೆ ಮುಖ್ಯ ಅನಿಸುವುದು ಅಕ್ಕಪಕ್ಕದವರ ವಿಷಯ. ಅದನ್ನು ತಪ್ಪದೇ ಓದಿ.

ಈ ಊರು ಎಲ್ಲಿದೆ? ಬ್ರಿಜ್ ಅಂದರೆ ಬೇರೆ ಊರಾ?

ಲಿನ್‌ಲಿತ್‌ಗೋ ಎಡಿನ್‌ಬರೋದಿಂದ ಪಶ್ಚಿಮಕ್ಕೆ ಸುಮಾರು 30 ಕಿಲೋಮೀಟರ್. ವೆಸ್ಟ್ ಲೋಥಿಯನ್ ಕೌನ್ಸಿಲ್‌ಗೆ, ಅಂದರೆ ಸ್ಥಳೀಯ ಆಡಳಿತಕ್ಕೆ, ಸೇರಿದೆ. ಜನಸಂಖ್ಯೆ ಸುಮಾರು 13 ಸಾವಿರ. ನಮ್ಮ ಕಡೆಯ ಒಂದು ಹೋಬಳಿ ಊರಿನಷ್ಟು ಎನ್ನಬಹುದು.

ಬ್ರಿಜ್ ಮೊದಲು ಬೇರೆಯೇ ಹಳ್ಳಿ. ಏವನ್ ನದಿಯ ಸೇತುವೆಯ ಪಕ್ಕ ಬೆಳೆದದ್ದು. ಈಗ ಊರು ಹಬ್ಬಿ ಎರಡೂ ಸೇರಿಹೋಗಿವೆ. ಆದರೂ ಹಳಬರು 'ನಾನು ಬ್ರಿಜ್‌ನವನು' ಎಂದೇ ಹೇಳುತ್ತಾರೆ. ಒಂದು ಮಾತು ನೆನಪಿಡಿ: ಏವನ್ ನದಿಯೇ ಇಲ್ಲಿ ಕೌನ್ಸಿಲ್ ಗಡಿ. ನದಿಯ ಆಚೆ ಮನೆ ಹಿಡಿದರೆ ನೀವು ಫಾಲ್ಕರ್ಕ್ ಕೌನ್ಸಿಲ್‌ನವರು. ಶಾಲೆ, ಕಸದ ಬಿನ್, ತೆರಿಗೆ ಎಲ್ಲ ಬದಲಾಗುತ್ತದೆ. ಜಾಹೀರಾತಿನಲ್ಲಿ 'ಲಿನ್‌ಲಿತ್‌ಗೋ ಹತ್ತಿರ' ಎಂದಿದ್ದರೆ ಯಾವ ಕೌನ್ಸಿಲ್ ಎಂದು ಮೊದಲು ಕೇಳಿ.

ಚರಿತ್ರೆಯ ಊರು ಅಂತಾರಲ್ಲ, ಏನು ಅಂಥದ್ದು?

ಸ್ಕಾಟ್‌ಲೆಂಡಿನ ರಾಣಿ ಮೇರಿ ಹುಟ್ಟಿದ ಊರು ಇದು. 1542ರ ಡಿಸೆಂಬರ್ 8ರಂದು, ಕೆರೆಯ ದಂಡೆಯ ಅರಮನೆಯಲ್ಲಿ. ಅವಳ ಅಪ್ಪ ಐದನೇ ಜೇಮ್ಸ್ ಕೂಡ 1512ರಲ್ಲಿ ಅಲ್ಲೇ ಹುಟ್ಟಿದವನು. 1746ರಲ್ಲಿ ಅರಮನೆ ಸುಟ್ಟುಹೋಯಿತು. ಆಮೇಲೆ ಚಾವಣಿ ಬರಲಿಲ್ಲ. ಗೋಡೆಗಳು ಮಾತ್ರ ಇವತ್ತಿಗೂ ಎತ್ತರಕ್ಕೆ ನಿಂತಿವೆ. ಪಕ್ಕದ ಸೇಂಟ್ ಮೈಕೇಲ್ ಚರ್ಚಿನ ಮೇಲೆ 1964ರಲ್ಲಿ ಕೂರಿಸಿದ ಅಲ್ಯೂಮಿನಿಯಂ ಕಿರೀಟ ಇದೆ. ರೈಲಿನಿಂದಲೇ ಕಾಣುತ್ತದೆ. ಕೆಲವರಿಗೆ ಅದು ಸೇರುವುದಿಲ್ಲ. ನನಗೆ ತುಂಬಾ ಇಷ್ಟ.

ನಮ್ಮ ಬ್ರಿಜ್‌ಗೂ ಅದರದೇ ಕಥೆ ಇದೆ. ಹದಿನಾಲ್ಕು ವರ್ಷದ ರಾಜ ಐದನೇ ಜೇಮ್ಸ್‌ನನ್ನು ಆಂಗಸ್‌ನ ಅರ್ಲ್ ಎಂಬ ಸರದಾರ ತನ್ನ ಹಿಡಿತದಲ್ಲಿ ಇಟ್ಟುಕೊಂಡಿದ್ದ. ಅವನನ್ನು ಬಿಡಿಸಲು ಲೆನಾಕ್ಸ್‌ನ ಅರ್ಲ್ ಸೈನ್ಯ ತಂದ. 1526ರ ಸೆಪ್ಟೆಂಬರ್‌ನಲ್ಲಿ ಇದೇ ನದಿಯ ದಡದಲ್ಲಿ ಕಾಳಗವಾಯಿತು. ಲೆನಾಕ್ಸ್ ಸತ್ತ. ಈಗ ಆ ಸುತ್ತಮುತ್ತ ಮನೆಗಳು, ಹುಲ್ಲುಗಾವಲು, ನಾಯಿ ಜೊತೆ ವಾಕಿಂಗ್ ಬರುವವರು. ಮೇಲೆ 1842ರ ರೈಲು ಸೇತುವೆ, 23 ಕಮಾನುಗಳದ್ದು.

ವೈಸ್‌ರಾಯ್ ಲಿನ್‌ಲಿತ್‌ಗೋ ಇದೇ ಊರಿನವರಾ?

ಚರಿತ್ರೆ ಓದಿದ ಪ್ರತಿ ಕನ್ನಡಿಗನೂ ಇದನ್ನು ಕೇಳುತ್ತಾನೆ. ಬಿರುದು ಈ ಊರಿನದು. ಮನೆತನದ ಬಂಗಲೆ ಹೋಪ್‌ಟನ್ ಹೌಸ್, ಇಲ್ಲಿಂದ ಪೂರ್ವಕ್ಕೆ ಕೆಲವೇ ಮೈಲಿ ದೂರದಲ್ಲಿ ಫೋರ್ತ್ ಕೊಲ್ಲಿಯ ಪಕ್ಕದಲ್ಲಿದೆ. ಲಿನ್‌ಲಿತ್‌ಗೋದ ಎರಡನೇ ಮಾರ್ಕ್ವಿಸ್ ವಿಕ್ಟರ್ ಹೋಪ್ 1936ರಿಂದ 1943ರವರೆಗೆ ಭಾರತದ ವೈಸ್‌ರಾಯ್. 1939ರಲ್ಲಿ ಭಾರತೀಯ ನಾಯಕರನ್ನು ಒಂದು ಮಾತೂ ಕೇಳದೆ ದೇಶವನ್ನು ಯುದ್ಧಕ್ಕೆ ಸೇರಿಸಿದವರು. 1942ರ ಕ್ವಿಟ್ ಇಂಡಿಯಾ ಚಳವಳಿಯನ್ನು ಹತ್ತಿಕ್ಕಿದವರು. ಬಂಗಾಳದಲ್ಲಿ ಲಕ್ಷಾಂತರ ಜನ ಹಸಿವಿನಿಂದ ಸತ್ತ ಕ್ಷಾಮ ಶುರುವಾಗಿದ್ದೂ ಅವರ ಕಾಲದಲ್ಲೇ.

ಶಿವಮೊಗ್ಗದ ಈಸೂರು ನೆನಪಿದೆ ಅಲ್ವಾ? 'ಏಸೂರು ಕೊಟ್ಟರೂ ಈಸೂರು ಬಿಡೆವು' ಎಂದ ಊರು. ಅಲ್ಲಿನ ಐವರನ್ನು ಗಲ್ಲಿಗೇರಿಸಿದ್ದು 1943ರ ಮಾರ್ಚ್‌ನಲ್ಲಿ. ಅದು ಮೈಸೂರು ಸಂಸ್ಥಾನದ ಊರಾದರೂ ದಿಲ್ಲಿಯಲ್ಲಿ ಕುಳಿತಿದ್ದವರು ಇದೇ ವೈಸ್‌ರಾಯ್. ಇಲ್ಲಿನ ಅಕ್ಕಪಕ್ಕದವರಿಗೆ ಈ ಕಥೆ ಗೊತ್ತಿರುವುದು ಕಡಿಮೆ. ಹೇಳಿದರೆ ಕೂತು ಕೇಳುತ್ತಾರೆ. ಹೇಳಬೇಕು ಎಂದೇ ನನ್ನ ಅಭಿಪ್ರಾಯ. ಮಕ್ಕಳನ್ನು ಹೋಪ್‌ಟನ್ ಹೌಸ್ ತೋರಿಸಲು ಕರೆದುಕೊಂಡು ಹೋದಾಗ ಈಸೂರಿನ ಕಥೆಯನ್ನೂ ಹೇಳಿ.

ಹೈ ಸ್ಟ್ರೀಟ್‌ನ ಹಳೆ ಕಲ್ಲಿನ ಮನೆ ಒಳ್ಳೆಯದಾ, ಬ್ರಿಜ್ ಕಡೆಯ ಹೊಸ ಮನೆಯಾ?

ಊರಿನ ಮುಖ್ಯ ಬೀದಿಯಾದ ಹೈ ಸ್ಟ್ರೀಟ್‌ನ ಮನೆಗಳು ನೋಡಲು ಚೆಂದ. ಬಾಗಿಲು ತೆರೆದರೆ ಅಂಗಡಿ, ಕೆಫೆ, ಸ್ಟೇಷನ್. ಆದರೆ ಹಲವು ಕಟ್ಟಡಗಳು ಸಂರಕ್ಷಿತ ಪಟ್ಟಿಯಲ್ಲಿವೆ. ಕಿಟಕಿ ಬದಲಿಸಲೂ ಅನುಮತಿ ಬೇಕು. ಗೋಡೆ ದಪ್ಪ, ಕಿಟಕಿ ಹಳೆಯದು, ಚಳಿಗಾಲದ ಗ್ಯಾಸ್ ಬಿಲ್ ಜಾಸ್ತಿ. ಕಾರು ನಿಲ್ಲಿಸಲು ಜಾಗ ಸಿಗುವುದಿಲ್ಲ.

ಬ್ರಿಜ್ ಕಡೆ ಈಚಿನ ದಶಕಗಳ ಮನೆಗಳು ಜಾಸ್ತಿ. ಸ್ವಲ್ಪ ಹಿತ್ತಲು, ಕಾರಿಗೆ ಜಾಗ, ಮಕ್ಕಳು ಸೈಕಲ್ ಹೊಡೆಯಲು ಸುಮ್ಮನಿರುವ ಬೀದಿ. ಸ್ಟೇಷನ್‌ಗೆ ನಡೆದರೆ ಇಪ್ಪತ್ತು-ಇಪ್ಪತ್ತೈದು ನಿಮಿಷ. ಚಿಕ್ಕ ಮಕ್ಕಳಿದ್ದರೆ ನಾನು ಬ್ರಿಜ್ ಎನ್ನುತ್ತೇನೆ. ಇಬ್ಬರೇ ಇದ್ದು ದಿನಾ ರೈಲಿಗೆ ಓಡುವವರಾದರೆ ಹೈ ಸ್ಟ್ರೀಟ್ ಹತ್ತಿರವೇ ಇರಿ.

ಬಾಡಿಗೆಗೆ ಹೋಗುವಾಗ ಏನು ಗಮನಿಸಬೇಕು?

ಸ್ಕಾಟ್‌ಲೆಂಡಿನ ಬಾಡಿಗೆ ಕಾನೂನು ಇಂಗ್ಲೆಂಡಿನದಕ್ಕಿಂತ ಬೇರೆ. ಲಂಡನ್‌ನ ಗೆಳೆಯರ ಸಲಹೆ ಇಲ್ಲಿ ನಡೆಯುವುದಿಲ್ಲ. 2017ರ ಡಿಸೆಂಬರ್‌ನಿಂದ ಇಲ್ಲಿ ಹೊಸ ಬಾಡಿಗೆ ಕರಾರುಗಳಿಗೆ ಮುಗಿಯುವ ದಿನ ಎಂಬುದೇ ಇಲ್ಲ. ಕಾನೂನಿನಲ್ಲಿ ಹೇಳಿದ ಕಾರಣ ಇಲ್ಲದೆ ಮಾಲೀಕರು ನಿಮ್ಮನ್ನು ಬಿಡಿಸುವಂತಿಲ್ಲ. ನೀವು ಬಿಡುವುದಾದರೆ 28 ದಿನ ಮುಂಚೆ ಬರೆದು ತಿಳಿಸಬೇಕು.

ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಮರೆತುಬಿಡಿ. ಇಲ್ಲಿ ಡೆಪಾಸಿಟ್ ಎರಡು ತಿಂಗಳ ಬಾಡಿಗೆ ಮೀರುವಂತಿಲ್ಲ. ಆ ಹಣ ಮಾಲೀಕರ ಜೇಬಿನಲ್ಲಿ ಇರುವ ಹಾಗಿಲ್ಲ. 30 ಕೆಲಸದ ದಿನಗಳೊಳಗೆ ಸರ್ಕಾರ ಒಪ್ಪಿದ ಡೆಪಾಸಿಟ್ ಯೋಜನೆಗೆ ಕಟ್ಟಬೇಕು. ಮಾಲೀಕರ ನೋಂದಣಿ ಸಂಖ್ಯೆ ಜಾಹೀರಾತಿನಲ್ಲೇ ಇರಬೇಕು. ಇಲ್ಲದಿದ್ದರೆ ಮುಂದುವರಿಯಬೇಡಿ. ಮನೆ ಸೇರುವ ದಿನ ಪ್ರತಿ ಗೋಡೆ, ಕಾರ್ಪೆಟ್, ಒಲೆ, ಎಲ್ಲದರ ಫೋಟೋ ತೆಗೆದು ಈಮೇಲ್ ಮಾಡಿಬಿಡಿ. ಬಿಡುವ ದಿನ ಅದೇ ನಿಮ್ಮ ಸಾಕ್ಷಿ.

ಮನೆ ಕೊಳ್ಳುವಾಗ 'ಆಫರ್ಸ್ ಓವರ್' ಅಂತ ಇರುತ್ತದಲ್ಲ, ಅದೇನು?

ಅದು ಕನಿಷ್ಠ ಬೆಲೆ. ಅದರ ಮೇಲೆ ಎಷ್ಟು ಕೊಡುತ್ತೀರಿ ಎಂದು ನೀವೇ ಹೇಳಬೇಕು. ಮಾರುವವರು ಮೊದಲೇ ಹೋಮ್ ರಿಪೋರ್ಟ್ ಮಾಡಿಸಿರುತ್ತಾರೆ. ಅದರಲ್ಲಿ ಮನೆಯ ಸ್ಥಿತಿ, ಸರ್ವೇಯರ್ ಹಾಕಿದ ಬೆಲೆ, ಬಿಸಿ ಉಳಿಸುವ ಅಂಕ ಎಲ್ಲ ಇರುತ್ತದೆ. ಪೂರ್ತಿ ಓದಿ. ಹೆಚ್ಚು ಜನ ಆಸಕ್ತಿ ತೋರಿಸಿದರೆ ಒಂದು ದಿನ ಗೊತ್ತುಮಾಡುತ್ತಾರೆ. ಎಲ್ಲರೂ ಮುಚ್ಚಿದ ಲಕೋಟೆಯ ಹಾಗೆ ವಕೀಲರ ಮೂಲಕ ತಮ್ಮ ತಮ್ಮ ಬೆಲೆಯನ್ನು ಒಂದೇ ಸಲ ಕಳಿಸುತ್ತಾರೆ. ಬೇರೆಯವರು ಎಷ್ಟು ಹೇಳಿದರು ಎಂದು ತಿಳಿಯುವುದಿಲ್ಲ.

ನಮ್ಮವರು ಎಡವುವುದು ಇಲ್ಲಿ: ಬ್ಯಾಂಕ್ ಸಾಲ ಕೊಡುವುದು ಹೋಮ್ ರಿಪೋರ್ಟ್ ಬೆಲೆಯನ್ನು ನೋಡಿ. ಅದಕ್ಕಿಂತ 15 ಸಾವಿರ ಪೌಂಡ್ ಜಾಸ್ತಿ ಹೇಳಿದರೆ ಆ 15 ಸಾವಿರ ಪೂರ್ತಿ ನಿಮ್ಮ ಕೈಯಿಂದ. ಡೌನ್ ಪೇಮೆಂಟ್ ಬೇರೆ. ಇದರ ಮೇಲೆ ಸ್ಕಾಟ್‌ಲೆಂಡಿನದೇ ಆಸ್ತಿ ವರ್ಗಾವಣೆ ತೆರಿಗೆ ಇದೆ. 1,45,000 ಪೌಂಡ್‌ವರೆಗೆ ತೆರಿಗೆ ಇಲ್ಲ. ಮೊದಲ ಮನೆ ಕೊಳ್ಳುವವರಿಗೆ ಅದು 1,75,000. ಎರಡೂ ಕಡೆಯ ವಕೀಲರ ಪತ್ರ ವ್ಯವಹಾರ ಮುಗಿದು ಒಪ್ಪಂದ ಆಯಿತೆಂದರೆ ಹಿಂದೆ ಸರಿಯುವಂತಿಲ್ಲ. ಇಂಗ್ಲೆಂಡಿಗಿಂತ ಇದು ಎಷ್ಟೋ ನೆಮ್ಮದಿ.

ಪ್ರತಿ ತಿಂಗಳ ಖರ್ಚಿನಲ್ಲಿ ಗೊತ್ತಾಗದೆ ಬರುವುದು ಯಾವುದು?

ಕೌನ್ಸಿಲ್ ಟ್ಯಾಕ್ಸ್ ಮತ್ತು ಫ್ಯಾಕ್ಟರ್. ಕೌನ್ಸಿಲ್ ಟ್ಯಾಕ್ಸ್ ಮನೆಯ ದರ್ಜೆಯ ಮೇಲೆ, ಎ ಯಿಂದ ಎಚ್ ವರೆಗೆ. ಬಾಡಿಗೆಯವರೇ ಕಟ್ಟಬೇಕು. ನೀರು ಮತ್ತು ಒಳಚರಂಡಿ ಹಣವೂ ಅದೇ ಬಿಲ್ಲಿನಲ್ಲಿ ಬರುತ್ತದೆ. ಒಬ್ಬರೇ ಇದ್ದರೆ ಟ್ಯಾಕ್ಸ್‌ನಲ್ಲಿ ಕಾಲು ಭಾಗ ರಿಯಾಯಿತಿ. ಫ್ಯಾಕ್ಟರ್ ಎಂದರೆ ಬಡಾವಣೆಯ ಹುಲ್ಲು, ಮರ, ಆಟದ ಜಾಗ ನೋಡಿಕೊಳ್ಳುವ ಕಂಪನಿ. ಹೊಸ ಬಡಾವಣೆಯಲ್ಲಿ ಮನೆ ಕೊಂಡರೆ ಇವರಿಗೆ ಹಣ ಕಟ್ಟುವುದು ಪತ್ರದಲ್ಲೇ ಬರೆದಿರುತ್ತದೆ. ಕೊಳ್ಳುವ ಮುಂಚೆ ಮೊತ್ತ ಕೇಳಿ.

ಒಗ್ಗರಣೆ ಹಾಕಿದರೆ ಅಲಾರಂ ಹೊಡೆಯುತ್ತದಾ?

ಹೊಡೆಯುತ್ತದೆ, ಅದೂ ಮನೆ ತುಂಬಾ! 2022ರ ಫೆಬ್ರವರಿಯಿಂದ ಸ್ಕಾಟ್‌ಲೆಂಡಿನ ಪ್ರತಿ ಮನೆಯ ಅಲಾರಂಗಳೂ ಒಂದಕ್ಕೊಂದು ಜೋಡಿಸಿರಬೇಕು. ಅಡುಗೆಮನೆಯಲ್ಲಿ ಬಿಸಿ ಅರಿಯುವ ಅಲಾರಂ, ಹಾಲ್ ಮತ್ತು ಪ್ಯಾಸೇಜಿನಲ್ಲಿ ಹೊಗೆ ಅರಿಯುವ ಅಲಾರಂ. ಒಣಮೆಣಸಿನಕಾಯಿ ಘಾಟು ಅಡುಗೆಮನೆಯಲ್ಲೇ ಇದ್ದರೆ ತೊಂದರೆ ಇಲ್ಲ. ಪ್ಯಾಸೇಜಿಗೆ ಹೋಯಿತೋ, ಎಲ್ಲವೂ ಒಟ್ಟಿಗೆ ಕೂಗುತ್ತವೆ. ಅಡುಗೆಮನೆ ಬಾಗಿಲು ಮುಚ್ಚಿ, ಕಿಟಕಿ ತೆಗೆದು, ಫ್ಯಾನ್ ಹಾಕಿ, ಆಮೇಲೆ ಸಾಸಿವೆ. ಅಲಾರಂ ಬಿಚ್ಚಿಡಬೇಡಿ. ಮಕ್ಕಳು ಮಲಗಿರುವ ಮನೆ ಅದು.

ಇಲ್ಲಿನ ನಲ್ಲಿ ನೀರು ಮೃದು. ತೊಗರಿಬೇಳೆ ಚೆನ್ನಾಗಿ ಬೇಯುತ್ತದೆ, ಕೆಟಲ್ ಒಳಗೆ ಬಿಳಿ ಪದರ ಕಟ್ಟುವುದಿಲ್ಲ. ದೋಸೆ ಹಿಟ್ಟು ಹುದುಗಲು ಮಾತ್ರ ಚಳಿಗಾಲದಲ್ಲಿ ಕಷ್ಟ. ಓವನ್ ಆರಿಸಿ, ಒಳಗಿನ ದೀಪ ಮಾತ್ರ ಹಾಕಿ ಪಾತ್ರೆ ಇಡಿ. ರಾಗಿ ಹಿಟ್ಟು, ಸೋನಾ ಮಸೂರಿ, ಕರಿಬೇವಿಗೆ ಎಡಿನ್‌ಬರೋದ ಲೀತ್ ವಾಕ್ ಕಡೆಯ ಅಂಗಡಿಗಳಿಗೆ ಹೋಗಬೇಕು. ತಿಂಗಳಿಗೊಮ್ಮೆ ಹೋಗಿ ತುಂಬಿಕೊಂಡು ಬರುವುದು ರೂಢಿ. ಕರಿಬೇವು ಫ್ರೀಜರಿನಲ್ಲಿ ಚೆನ್ನಾಗಿ ಇರುತ್ತದೆ.

ಚಳಿ ತಡೆಯಬಹುದಾ?

ಚಳಿ ತಡೆಯಬಹುದು. ಕತ್ತಲೆಗೆ ತಯಾರಾಗಿ ಬನ್ನಿ. ಡಿಸೆಂಬರ್‌ನಲ್ಲಿ ಬೆಳಗಾಗುವುದು ಎಂಟೂ ಮುಕ್ಕಾಲರ ಹೊತ್ತಿಗೆ. ಮಧ್ಯಾಹ್ನ ಮೂರೂ ಮುಕ್ಕಾಲಿಗೆ ಸೂರ್ಯ ಮುಳುಗಿಬಿಡುತ್ತಾನೆ. ಆಫೀಸಿಗೆ ಹೋಗುವಾಗ ಕತ್ತಲೆ, ಬರುವಾಗ ಕತ್ತಲೆ. ಮೊದಲ ಚಳಿಗಾಲದಲ್ಲಿ ಮನಸ್ಸು ಕುಗ್ಗುವುದು ತೀರಾ ಸಹಜ. ಮನೆಯಲ್ಲೇ ಇರುವ ಗಂಡನಿಗೋ ಹೆಂಡತಿಗೋ ಇದು ಇನ್ನೂ ಕಷ್ಟ. ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಮಳೆ ಇದ್ದರೂ ಕೋಟು ಹಾಕಿಕೊಂಡು ಅರ್ಧ ಗಂಟೆ ಹೊರಗೆ ನಡೆಯಿರಿ. ಇದು ನಾನು ಎಲ್ಲರಿಗೂ ಒತ್ತಿ ಹೇಳುವ ಮಾತು. ವಿಟಮಿನ್ ಡಿ ಮರೆಯಬೇಡಿ. ನಮ್ಮಂಥ ಕಪ್ಪು ಮೈಬಣ್ಣದವರು ವರ್ಷವಿಡೀ ದಿನಕ್ಕೆ 10 ಮೈಕ್ರೋಗ್ರಾಂ ತೆಗೆದುಕೊಳ್ಳುವಂತೆ ಇಲ್ಲಿನ ಆರೋಗ್ಯ ಇಲಾಖೆಯೇ ಹೇಳುತ್ತದೆ.

ಜೂನ್ ಬಂದರೆ ಎಲ್ಲ ತಿರುಗುಮುರುಗು. ಬೆಳಗ್ಗೆ ನಾಲ್ಕೂವರೆಗೇ ಸೂರ್ಯ, ರಾತ್ರಿ ಹತ್ತರವರೆಗೆ ಬೆಳಕು. ಮಕ್ಕಳನ್ನು ಮಲಗಿಸಲು ದಪ್ಪ ಪರದೆ ಬೇಕು.

ಮನೆಯೊಳಗೆ ಬಟ್ಟೆ ಒಣಗಿಸಿದರೆ ಗೋಡೆ ಮೂಲೆಗಳಲ್ಲಿ ಬೂಷ್ಟು ಹಿಡಿಯುತ್ತದೆ. ಕಿಟಕಿಯ ಮೇಲಿನ ಸಣ್ಣ ಗಾಳಿಕಿಂಡಿಗಳನ್ನು ಚಳಿ ಎಂದು ಮುಚ್ಚಬೇಡಿ. ದಿನಕ್ಕೆ ಹತ್ತು ನಿಮಿಷ ಕಿಟಕಿ ತೆಗೆಯಿರಿ.

ಅಕ್ಕಪಕ್ಕದವರು ಹೇಗೆ? ಅವರಾಗೇ ಮಾತಾಡಿಸುತ್ತಾರಾ?

ಹೈ ಸ್ಟ್ರೀಟ್‌ನ ಪೂರ್ವದ ತುದಿಯಲ್ಲಿ ಒಂದು ಹಳೆಯ ಕಲ್ಲಿನ ಬಾವಿ ಇದೆ. 'ಸೇಂಟ್ ಮೈಕೇಲ್ ಪರಸ್ಥಳದವರಿಗೆ ದಯಾಳು' ಎಂದು 1720ರಲ್ಲಿ ಕೆತ್ತಿದ್ದಾರೆ. ಈ ಮಾತು ಬರಿ ಕಲ್ಲಿನ ಮೇಲೆ ಉಳಿದಿಲ್ಲ ಎಂದು ನಾನು ನಂಬುತ್ತೇನೆ. ಇಲ್ಲಿನ ಜನ ಒಳ್ಳೆಯವರು, ಮಾತು ಇಷ್ಟಪಡುವವರು. ಆದರೆ ಕರೆಯದೆ ನಿಮ್ಮ ಮನೆಗೆ ಬರುವುದಿಲ್ಲ. ನೀವು ಹೊಸಬರು, ತೊಂದರೆ ಕೊಡಬಾರದು ಎಂದು ಅವರು ಸುಮ್ಮನಿರುತ್ತಾರೆ. ಇವರು ಮಾತಾಡಿಸಲ್ಲ ಎಂದು ನೀವೂ ಸುಮ್ಮನಿರುತ್ತೀರಿ. ಹೀಗೆ ಎರಡು ವರ್ಷ ಕಳೆದ ಕುಟುಂಬಗಳನ್ನು ಕಂಡಿದ್ದೇನೆ. ನೋಡಿ ಸಂಕಟವಾಗಿದೆ.

ಮೊದಲ ವಾರದಲ್ಲೇ ಎಡ, ಬಲ, ಎದುರು, ಮೂರು ಮನೆಗಳ ಬಾಗಿಲು ತಟ್ಟಿ. ಹೆಸರು ಹೇಳಿ. 'ಬಿನ್ ಯಾವತ್ತು ಇಡಬೇಕು' ಎಂದು ಕೇಳಿ. ಇದಕ್ಕಿಂತ ಒಳ್ಳೆಯ ಪ್ರಶ್ನೆ ಇಲ್ಲ. ಎಲ್ಲರಿಗೂ ಉತ್ತರ ಗೊತ್ತು, ಎಲ್ಲರಿಗೂ ಹೇಳಲು ಇಷ್ಟ. ಹೆಸರು ಕರೆದೇ ಮಾತಾಡಿಸುತ್ತಾರೆ. ಎಂಬತ್ತು ದಾಟಿದ ಅಜ್ಜಿಯನ್ನೂ ಹೆಸರಿನಿಂದ ಕರೆಯುವುದು ನಮಗೆ ಮುಜುಗರ, ಆದರೆ ಅವರು ಅದನ್ನೇ ಬಯಸುತ್ತಾರೆ. ಮಾತು ಹವಾಮಾನದಿಂದ ಶುರುವಾಗುತ್ತದೆ. ಅದನ್ನು ಬೇಗ ಮುಗಿಸಲು ಹೋಗಬೇಡಿ. ಅವರ ಉಚ್ಚಾರ ಅರ್ಥವಾಗದಿದ್ದರೆ ಇನ್ನೊಮ್ಮೆ ಕೇಳಿ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಪಾರ್ಸೆಲ್ ತೆಗೆದಿಡುವುದು, ಊರಿಗೆ ಹೋದಾಗ ಗಿಡಕ್ಕೆ ನೀರು ಹಾಕುವುದು, ಹಿಮ ಬಿದ್ದ ಬೆಳಗ್ಗೆ ಪಕ್ಕದ ಮನೆಯ ವಯಸ್ಸಾದವರ ಬಾಗಿಲ ಮುಂದೆಯೂ ಜಾರದಂತೆ ಉಪ್ಪು ಎರಚುವುದು. ಸ್ನೇಹ ಬೆಳೆಯುವುದು ಹೀಗೆ. ಬೀದಿಯ ತುದಿಯಲ್ಲಿ ಉಪ್ಪಿನ ಪೆಟ್ಟಿಗೆ ಕಂಡರೆ ಅದು ರಸ್ತೆಗೆ, ಕಾಲುದಾರಿಗೆ ಎಲ್ಲರೂ ಬಳಸಲೆಂದೇ ಇಟ್ಟದ್ದು. ಹೂಗಿಡ ಇಷ್ಟವಿದ್ದರೆ ಬರ್ಗ್ ಬ್ಯೂಟಿಫುಲ್ ಎಂಬ ಸ್ವಯಂಸೇವಕರ ಗುಂಪು ಊರಿನ ಹೂಕುಂಡಗಳನ್ನು ನೋಡಿಕೊಳ್ಳುತ್ತದೆ. ಸೇರಿಕೊಳ್ಳಿ. ಮನೆಯಲ್ಲಿ ಒಬ್ಬರೇ ಇರುವವರಿಗೆ ಇದು ದೊಡ್ಡ ಆಸರೆ.

ಬಿನ್ ವಿಷಯ ಅಷ್ಟು ದೊಡ್ಡದಾ?

ಹೌದು. ಕಾಗದ, ಪ್ಲಾಸ್ಟಿಕ್, ಅಡುಗೆಮನೆ ಕಸ, ಉಳಿದದ್ದು, ಒಂದೊಂದಕ್ಕೂ ಬೇರೆ ಬಣ್ಣದ ಬಿನ್. ಯಾವ ವಾರ ಯಾವುದು ಎಂಬ ಕ್ಯಾಲೆಂಡರ್ ಕೌನ್ಸಿಲ್ ವೆಬ್‌ಸೈಟಿನಲ್ಲಿದೆ. ಫ್ರಿಜ್ ಮೇಲೆ ಅಂಟಿಸಿ. ತಪ್ಪು ಕಸ ಹಾಕಿದರೆ ತುಂಬಿದ ಬಿನ್ ಅಲ್ಲೇ ಬಿಟ್ಟು ಹೋಗುತ್ತಾರೆ. ಖಾಲಿಯಾದ ಮೇಲೆ ಒಳಗೆ ತಂದಿಡಿ. ನಿಮ್ಮದರ ಜೊತೆ ಪಕ್ಕದವರದನ್ನೂ ಒಳಗೆ ಎಳೆದಿಟ್ಟರೆ ಸಂಜೆಗೆ ಒಂದು ಥ್ಯಾಂಕ್ಸ್ ಬರುತ್ತದೆ.

ಊರ ಹಬ್ಬ ಅಂತ ಏನಾದರೂ ಇದೆಯಾ?

ಮಾರ್ಚಸ್, ಅಂದರೆ ಗಡಿ ಸುತ್ತುವ ಹಬ್ಬ! ಊರಿಗೆ ಊರೇ ಬೀದಿಗಿಳಿಯುವ ದಿನ. ಜೂನ್ ತಿಂಗಳ ಎರಡನೇ ಗುರುವಾರ ಕಳೆದ ಮೇಲಿನ ಮೊದಲ ಮಂಗಳವಾರ. ಹಿಂದೆ ಊರಿನವರು ವರ್ಷಕ್ಕೊಮ್ಮೆ ಗಡಿ ಸುತ್ತಿ, ಯಾರಾದರೂ ಒತ್ತುವರಿ ಮಾಡಿದ್ದಾರಾ ಎಂದು ನೋಡಿ ಬರುತ್ತಿದ್ದರು. ಅದೇ ಇವತ್ತಿನ ಹಬ್ಬ. ಬೆಳಗಿನ ಜಾವ ಐದಕ್ಕೇ ಕೊಳಲು, ಡೋಲಿನವರು ಊರನ್ನು ಎಬ್ಬಿಸುತ್ತಾರೆ. ಆಮೇಲೆ ಮೆರವಣಿಗೆ. ಅದು ಮೊದಲು ಬರುವುದು ನಮ್ಮ ಬ್ರಿಜ್‌ಗೆ. ಅಲ್ಲಿಂದ ಇನ್ನೊಂದು ಗಡಿ, ಸಮುದ್ರದ ದಡದ ಬ್ಲ್ಯಾಕ್‌ನೆಸ್‌ಗೆ. ಸಂಜೆ ಹೈ ಸ್ಟ್ರೀಟ್‌ಗೆ ವಾಪಸ್ ಬಂದು ಕ್ರಾಸ್ ವೆಲ್ ಎಂಬ ಹಳೆ ಕಾರಂಜಿಯನ್ನು ಮೂರು ಸುತ್ತು ಹಾಕುತ್ತಾರೆ. ದೇವರ ಪ್ರದಕ್ಷಿಣೆ ನೋಡಿ ಬೆಳೆದ ನಮಗೆ ಅದು ಎಷ್ಟು ಹತ್ತಿರ ಅನಿಸುತ್ತದೆ! 'ಸೇಫ್ ಊಟ್, ಸೇಫ್ ಇನ್' ಎಂದು ಹರಸುತ್ತಾರೆ. ಕ್ಷೇಮವಾಗಿ ಹೋಗಿ, ಕ್ಷೇಮವಾಗಿ ಬನ್ನಿ ಎಂದು.

ಆ ದಿನ ರಜೆ ಹಾಕಿ. ದೂರ ನಿಂತು ಫೋಟೋ ತೆಗೆದರೆ ಸಾಲದು, ಬೀದಿಯವರ ಜೊತೆ ನಿಂತು ಚಪ್ಪಾಳೆ ತಟ್ಟಿ.

ಮಕ್ಕಳ ಶಾಲೆ ಹೇಗೆ?

ಮನೆ ವಿಳಾಸ ಯಾವ ಶಾಲೆಯ ವ್ಯಾಪ್ತಿಗೆ ಬರುತ್ತದೋ ಆ ಶಾಲೆ. ಬ್ರಿಜ್‌ಗೆ ಅದರದೇ ಪ್ರೈಮರಿ ಶಾಲೆ ಇದೆ. ಹೈಸ್ಕೂಲಿಗೆ ಲಿನ್‌ಲಿತ್‌ಗೋ ಅಕಾಡೆಮಿ. ಶಾಲೆ ಶುರುವಾಗುವುದು ಆಗಸ್ಟ್ ಮಧ್ಯದಲ್ಲಿ. ನಾಲ್ಕೂವರೆಯಿಂದ ಐದೂವರೆ ವಯಸ್ಸಿನಲ್ಲಿ ಮೊದಲ ತರಗತಿ. ಮೂರು, ನಾಲ್ಕು ವರ್ಷದ ಮಕ್ಕಳಿಗೆ ವರ್ಷಕ್ಕೆ 1,140 ಗಂಟೆ ನರ್ಸರಿ ಉಚಿತ. ಐದನೇ ತರಗತಿವರೆಗೆ ಮಧ್ಯಾಹ್ನದ ಊಟ ಉಚಿತ, ಸಸ್ಯಾಹಾರ ಸಿಗುತ್ತದೆ. 22 ವರ್ಷ ತುಂಬುವವರೆಗೆ ಬಸ್ ಉಚಿತ, ಕಾರ್ಡ್‌ಗೆ ಅರ್ಜಿ ಹಾಕಬೇಕು.

ಹೋಮ್‌ವರ್ಕ್ ಕಡಿಮೆ, ರ‍್ಯಾಂಕ್ ಇಲ್ಲ. ಇದು ನಮ್ಮ ತಂದೆತಾಯಿಗಳಿಗೆ ಆತಂಕ. ಒಂದು ವರ್ಷ ತಾಳ್ಮೆಯಿಂದ ನೋಡಿ. ಮಗು ಎದ್ದು ನಿಂತು ಮಾತಾಡಲು, ಪ್ರಶ್ನೆ ಕೇಳಲು ಕಲಿತಿರುತ್ತದೆ. ಮನೆಯಲ್ಲಿ ಕನ್ನಡ ಬಿಡಬೇಡಿ. ಕನ್ನಡ ಮಾತಾಡಿದರೆ ಇಂಗ್ಲಿಷ್ ಹಿಂದೆ ಬೀಳುತ್ತದೆ ಎಂಬ ಭಯ ಬೇಡ. ಆಟದ ಬಯಲಿನಲ್ಲೇ ಇಂಗ್ಲಿಷ್ ಬರುತ್ತದೆ.

ಇನ್ನೊಂದು ಗಂಭೀರ ಮಾತು. 2020ರ ನವೆಂಬರ್‌ನಿಂದ ಸ್ಕಾಟ್‌ಲೆಂಡಿನಲ್ಲಿ ಮಕ್ಕಳಿಗೆ ಒಂದು ಏಟು ಹೊಡೆಯುವುದೂ ಅಪರಾಧ. ಇದು ಒಳ್ಳೆಯ ಕಾನೂನು. ಮನೆಗೆ ಬರುವ ಅಜ್ಜಿ ತಾತನಿಗೂ ಮೊದಲೇ ಹೇಳಿ.

ಡಾಕ್ಟರ್, ಆಸ್ಪತ್ರೆ?

ಮನೆ ಸೇರಿದ ವಾರವೇ ಊರಿನ ಜಿಪಿ, ಅಂದರೆ ಸಾಮಾನ್ಯ ಕಾಯಿಲೆಗೆ ನೋಡುವ ಡಾಕ್ಟರ್ ಬಳಿ ಹೆಸರು ಬರೆಸಿ. ಜ್ವರ ಬಂದ ಮೇಲೆ ಓಡಬೇಡಿ. ಸಣ್ಣಪುಟ್ಟ ತೊಂದರೆಗೆ ಮೊದಲು ಔಷಧಿ ಅಂಗಡಿಯ ಫಾರ್ಮಸಿಸ್ಟ್ ಹತ್ತಿರ ಹೋಗಿ. ಅವರೇ ನೋಡಿ ಮದ್ದು ಕೊಡುತ್ತಾರೆ. ಡಾಕ್ಟರ್ ಬರೆದುಕೊಟ್ಟ ಔಷಧಿಗೆ 2011ರಿಂದ ಹಣ ಇಲ್ಲ. ಕಣ್ಣಿನ ಪರೀಕ್ಷೆಯೂ ಉಚಿತ. ರಾತ್ರಿ, ರಜೆಯ ದಿನ ಸಲಹೆಗೆ 111, ಪ್ರಾಣಾಪಾಯಕ್ಕೆ 999. ದೊಡ್ಡ ಆಸ್ಪತ್ರೆ ಲಿವಿಂಗ್‌ಸ್ಟನ್‌ನ ಸೇಂಟ್ ಜಾನ್ಸ್. ಸರ್ಕಾರಿ ಲೆಕ್ಕದಲ್ಲಿ ಹಲ್ಲಿನ ಡಾಕ್ಟರ್ ಸಿಗುವುದು ಕಷ್ಟ, ಬರುವ ಮುಂಚೆ ಊರಲ್ಲೇ ಹಲ್ಲು ತೋರಿಸಿಕೊಂಡು ಬನ್ನಿ.

ಕಾರಿಲ್ಲದೆ ಬದುಕಬಹುದಾ?

ಕೆಲಸ ಎಡಿನ್‌ಬರೋ ಅಥವಾ ಗ್ಲಾಸ್ಗೋದಲ್ಲಿದ್ದರೆ ಬದುಕಬಹುದು. ಎಡಿನ್‌ಬರೋಗೆ ರೈಲಿನಲ್ಲಿ ಸುಮಾರು 20 ನಿಮಿಷ, ಗ್ಲಾಸ್ಗೋಗೆ ಅರ್ಧ ಗಂಟೆಗಿಂತ ಸ್ವಲ್ಪ ಜಾಸ್ತಿ. ಬೆಳಗ್ಗೆ ಸಂಜೆಯ ಹೆಚ್ಚುವರಿ ದರವನ್ನು 2025ರ ಸೆಪ್ಟೆಂಬರ್‌ನಿಂದ ತೆಗೆದುಹಾಕಿದ್ದಾರೆ. ಲಿವಿಂಗ್‌ಸ್ಟನ್ ಕಡೆ ಕೆಲಸ ಇದ್ದರೆ ಕಾರು ಬೇಕೇ ಬೇಕು.

ಭಾರತದ ಲೈಸೆನ್ಸ್ ಇಲ್ಲಿ ನೆಲೆಸಿದ ದಿನದಿಂದ 12 ತಿಂಗಳು ಮಾತ್ರ ನಡೆಯುತ್ತದೆ. ಆ ಸಮಯ ಮುಗಿಯುವ ಮುಂಚೆ ಪರೀಕ್ಷೆ ಪಾಸು ಮಾಡಿಕೊಳ್ಳಿ. ಕುಡಿದು ಓಡಿಸುವ ಮಿತಿ ಇಲ್ಲಿ ಇಂಗ್ಲೆಂಡಿಗಿಂತ ಬಿಗಿ. ಒಂದು ಲೋಟ ಬಿಯರ್ ಆದರೂ ಕಾರು ಮುಟ್ಟಬೇಡಿ. ಫುಟ್‌ಪಾತ್ ಮೇಲೆ ಚಕ್ರ ಹತ್ತಿಸಿ ನಿಲ್ಲಿಸುವುದೂ ಕಾನೂನಿಗೆ ವಿರುದ್ಧ.

ಶನಿವಾರ ಭಾನುವಾರ ಏನು ಮಾಡುವುದು?

ನಡೆಯುವುದು! ಅರಮನೆ ಕೆರೆಯ ಸುತ್ತ ಎರಡು ಮೈಲಿಗಿಂತ ಸ್ವಲ್ಪ ಜಾಸ್ತಿ ದಾರಿ. ಹಂಸಗಳು, ಬಾತುಕೋಳಿಗಳು. ಬೇಸಿಗೆಯಲ್ಲಿ ಕೆರೆಗೆ ಪಾಚಿ ಬಂದ ಎಚ್ಚರಿಕೆ ಫಲಕ ಕಂಡರೆ ಮಕ್ಕಳನ್ನು, ನಾಯಿಯನ್ನು ನೀರಿಗೆ ಬಿಡಬೇಡಿ. ಊರ ಮೇಲ್ಭಾಗದಲ್ಲಿ 1822ರ ಯೂನಿಯನ್ ಕಾಲುವೆ. ಅದರ ದಂಡೆ ಹಿಡಿದು ಪಶ್ಚಿಮಕ್ಕೆ ಹೋದರೆ ಏವನ್ ಮೇಲ್ಗಾಲುವೆ ಸಿಗುತ್ತದೆ. ನದಿ ಕಣಿವೆಯ ಮೇಲೆ 12 ಕಮಾನು, ಅದರ ಮೇಲೆ ಕಾಲುವೆ ನೀರು, ಆ ನೀರಿನಲ್ಲಿ ದೋಣಿ! ದಾರಿ ಕಿರಿದು, ಮಕ್ಕಳ ಕೈ ಬಿಡಬೇಡಿ.

2003ರ ಕಾನೂನಿನ ಪ್ರಕಾರ ಇಲ್ಲಿ ಯಾರದೇ ಹೊಲ, ಗುಡ್ಡದ ಮೇಲೂ ನಡೆಯುವ ಹಕ್ಕು ಎಲ್ಲರಿಗಿದೆ. ಮನೆಯ ಅಂಗಳಕ್ಕೆ ಹೋಗುವಂತಿಲ್ಲ. ಬೆಳೆ ಇದ್ದರೆ ಬದುವಿನ ಮೇಲೆ ನಡೆಯಿರಿ, ಗೇಟು ಹೇಗಿತ್ತೋ ಹಾಗೇ ಮುಚ್ಚಿ.

ಅಪ್ಪ ಅಮ್ಮ ಬಂದರೆ ಬೇಜಾರಾಗುತ್ತದಾ?

ಮೇ, ಜೂನ್‌ನಲ್ಲಿ ಕರೆಸಿ. ಡಿಸೆಂಬರ್‌ನಲ್ಲಿ ಬೇಡ. ಬೆಂಗಳೂರಿನಿಂದ ಎಡಿನ್‌ಬರೋಗೆ ಸಾಮಾನ್ಯವಾಗಿ ದೋಹಾ, ದುಬೈ ಅಥವಾ ಲಂಡನ್ ಮೂಲಕ ಬರಬೇಕು. ವ್ಹೀಲ್‌ಚೇರ್ ಸಹಾಯ ಕೇಳಿಕೊಳ್ಳಿ. ಪ್ರವಾಸಿ ವೀಸಾದವರಿಗೆ ಆಸ್ಪತ್ರೆಯಲ್ಲಿ ಉಳಿದರೆ ದೊಡ್ಡ ಬಿಲ್ ಬರುತ್ತದೆ, ಇನ್ಶೂರೆನ್ಸ್ ಇಲ್ಲದೆ ವಿಮಾನ ಹತ್ತಿಸಬೇಡಿ. ಬೆಳಗಿನ ವಾಕಿಂಗ್‌ನಲ್ಲಿ ಅವರೇ ನಿಮಗಿಂತ ಬೇಗ ಪರಿಚಯ ಮಾಡಿಕೊಳ್ಳುತ್ತಾರೆ. ಭಾಷೆ ಬರದಿದ್ದರೂ.

ಮೈಬಣ್ಣ ನೋಡಿ ಯಾರಾದರೂ ಏನಾದರೂ ಅನ್ನುತ್ತಾರಾ?

ಬೀದಿಯಲ್ಲಿ, ಶಾಲೆಯಲ್ಲಿ ದಿನನಿತ್ಯ ಅನುಭವಿಸುವುದು ಸ್ನೇಹವನ್ನೇ. ಆದರೆ ಎಂದೂ ಆಗುವುದಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ರಾತ್ರಿ ರೈಲಿನಲ್ಲಿ ಕುಡಿದವರಿಂದ ಒಂದು ಮಾತು, ಶಾಲೆಯಲ್ಲಿ ಮಗುವಿನ ಬಣ್ಣದ ಬಗ್ಗೆ ಒಂದು ಮಾತು ಬರಬಹುದು. ನುಂಗಿಕೊಳ್ಳಬೇಡಿ. ಶಾಲೆಯದಾದರೆ ಅದೇ ದಿನ ಬರೆದು ತಿಳಿಸಿ. ಹೊರಗಿನದಾದರೆ ಪೊಲೀಸರಿಗೆ 101. ಪಕ್ಕದ ಮನೆಯವರಿಗೂ ಹೇಳಿ. ನಿಮ್ಮ ಪರವಾಗಿ ನಿಲ್ಲುತ್ತಾರೆ.

ನಮ್ಮ ಹಬ್ಬಗಳು? ಪಟಾಕಿ ಹೊಡೆಯಬಹುದಾ?

ಹೊಡೆಯಬಹುದು. ಸ್ಕಾಟ್‌ಲೆಂಡಿನಲ್ಲಿ ಮಾಮೂಲಿ ದಿನ ಸಂಜೆ 6ರಿಂದ ರಾತ್ರಿ 11ರವರೆಗೆ ಮಾತ್ರ ಪಟಾಕಿ. ದೀಪಾವಳಿಯ ದಿನ ರಾತ್ರಿ 1ರವರೆಗೂ ಅವಕಾಶ ಕೊಟ್ಟಿದ್ದಾರೆ. ಅಷ್ಟು ಹೊತ್ತು ಬೇಡ. ನಾಯಿಗಳು ಹೆದರುತ್ತವೆ. ಹಿಂದಿನ ದಿನ ಅಕ್ಕಪಕ್ಕದವರಿಗೆ ಹೇಳಿ, ಎಂಟರೊಳಗೆ ಮುಗಿಸಿ, ಅವರನ್ನೂ ಕರೆಯಿರಿ. ಕೋಡುಬಳೆ, ಚಕ್ಕುಲಿ ಕೊಟ್ಟು ಕಳಿಸಿ. ದೇವಸ್ಥಾನಕ್ಕೆ ಎಡಿನ್‌ಬರೋದ ಲೀತ್‌ನಲ್ಲಿ ಹಿಂದೂ ಮಂದಿರ ಇದೆ. ಪಾಸ್‌ಪೋರ್ಟ್ ಕೆಲಸಗಳಿಗೆ ಭಾರತದ ಕಾನ್ಸುಲೇಟ್ ಕೂಡ ಎಡಿನ್‌ಬರೋದಲ್ಲೇ ಇದೆ, ಲಂಡನ್ ಅಲೆಯಬೇಕಿಲ್ಲ.

ಅಕ್ಟೋಬರ್ 31ರ ಹ್ಯಾಲೋವೀನ್ ಸಂಜೆ ಮಕ್ಕಳು ವೇಷ ಹಾಕಿ ನಿಮ್ಮ ಬಾಗಿಲಿಗೆ ಬರುತ್ತಾರೆ. ಇಲ್ಲಿನ ಪದ್ಧತಿಯಂತೆ ಒಂದು ಹಾಡೋ ಜೋಕೋ ಹೇಳಿದ ಮೇಲೆ ಮಿಠಾಯಿ. ಮನೆಯ ದೀಪ ಹಾಕಿಡಿ, ಬುಟ್ಟಿ ತುಂಬಿಡಿ, ನಿಮ್ಮ ಮಕ್ಕಳಿಗೂ ಒಂದು ಹಾಡು ಕಲಿಸಿ ಕಳಿಸಿ.

ನಮಗೆ ಓಟು ಇದೆಯಾ?

ಇದೆ, ಮತ್ತು ಬಹಳ ಜನರಿಗೆ ಇದು ಗೊತ್ತೇ ಇಲ್ಲ. ವೀಸಾದ ಮೇಲೆ ಕಾನೂನಿನಂತೆ ನೆಲೆಸಿರುವ ಭಾರತೀಯರು ಕೌನ್ಸಿಲ್, ಸ್ಕಾಟಿಷ್ ಪಾರ್ಲಿಮೆಂಟ್, ಬ್ರಿಟಿಷ್ ಪಾರ್ಲಿಮೆಂಟ್ ಮೂರಕ್ಕೂ ಓಟು ಹಾಕಬಹುದು. ಭಾರತ ಕಾಮನ್‌ವೆಲ್ತ್ ದೇಶವಾದ್ದರಿಂದ ಈ ಹಕ್ಕು. ಕೌನ್ಸಿಲ್ ಮತ್ತು ಸ್ಕಾಟಿಷ್ ಪಾರ್ಲಿಮೆಂಟಿಗೆ 16 ವರ್ಷ ಆದರೆ ಸಾಕು. ಹೆಸರು ನೋಂದಾಯಿಸಿ. ಬೀದಿ ದೀಪ, ಶಾಲೆ, ಹೊಸ ಮನೆಗಳ ಯೋಜನೆ, ಎಲ್ಲದರಲ್ಲೂ ನಿಮ್ಮ ಮಾತಿಗೆ ಜಾಗ ಇದೆ.

ಒಪ್ಪುವ ಮುಂಚೆ ಒಂದು ಸಲ ಬಂದು ನೋಡಬೇಕು. ಯಾವಾಗ ಬರಲಿ?

ಜೂನ್‌ನಲ್ಲಿ ಬಂದರೆ ಎಲ್ಲ ಊರೂ ಚೆಂದ. ನವೆಂಬರ್‌ನ ಒಂದು ಕೆಲಸದ ದಿನ ಬನ್ನಿ. ಎಡಿನ್‌ಬರೋದಲ್ಲಿ ಸಂಜೆ ಐದೂವರೆಯ ರೈಲು ಹತ್ತಿ, ಇಲ್ಲಿ ಇಳಿದು, ಚೀಲ ಹೆಗಲಿಗೆ ಹಾಕಿಕೊಂಡು ಬ್ರಿಜ್‌ವರೆಗೆ ನಡೆಯಿರಿ. ಮಳೆ ಇದ್ದರೆ ಇನ್ನೂ ಒಳ್ಳೆಯದು. ಆ ನಡಿಗೆ ದಿನಾ ಆಗುತ್ತದೆ ಅನಿಸಿದರೆ ಮನೆ ನೋಡಲು ಶುರುಮಾಡಿ. ಮಕ್ಕಳಿದ್ದರೆ ಮಾರ್ಚ್‌ನೊಳಗೆ ವಿಳಾಸ ಖಚಿತವಾದರೆ ಆಗಸ್ಟ್ ಶಾಲೆಗೆ ಅನುಕೂಲ.